178 ಕಂತಿಗೆ ಏಳು ಪುಟ: ಎರಡು ವರ್ಷ ಬಳಸಿದ ಕೈಪಿಡಿಯ ಬಗ್ಗೆ

ದಾವಣಗೆರೆಯಲ್ಲಿ ನನ್ನದೊಂದು ಔಷಧ ಅಂಗಡಿ. ರಾತ್ರಿ ಹತ್ತಕ್ಕೆ ಷಟರ್ ಎಳೆದು, ಮನೆಗೆ ಬಂದು ಉಂಡ ಮೇಲೆ, ಕಣ್ಣು ಎಳೆಯುವ ಮುಂಚೆ ನನಗೆಂದು ಉಳಿಯುವುದು ಮುಕ್ಕಾಲು ಗಂಟೆ. ಬಾಹ್ಯಾಕಾಶ ಹಡಗೊಂದರ ಕತೆ ಹೇಳುವ ಅಮೆರಿಕದ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಧಾರಾವಾಹಿಯ ಒಂದು ಕಂತೂ ಹೆಚ್ಚುಕಡಿಮೆ ಮುಕ್ಕಾಲು ಗಂಟೆ. ಜಾತಕ ಕೂಡಿತು ಎಂದುಕೊಳ್ಳುವಷ್ಟರಲ್ಲಿ ಮಗ ಲೆಕ್ಕ ಹೇಳಿದ: 1987ರಿಂದ 1994ರವರೆಗೆ ಏಳು ಸೀಸನ್, 178 ಕಂತು, ಅಂದರೆ 133 ಗಂಟೆಯ ಮೇಲೆ. “ಅಪ್ಪಾಜಿ, ಇದು ನಿಮ್ಮ ಕೈಲಿ ಆಗುವ ಕೆಲಸವಲ್ಲ” ಎಂದು ಎಲ್ಲಿಂದಲೋ ಏಳು ಪುಟದ ಕೈಪಿಡಿಯೊಂದನ್ನು ಮುದ್ರಿಸಿಕೊಂಡು ಬಂದು ಕೊಟ್ಟ. ಬರೆದವರ ಹೆಸರು ಅದರ ಮೇಲಿಲ್ಲ. 48 ಕಂತುಗಳನ್ನು ಆರಿಸಿ ಒಂದೊಂದಕ್ಕೂ ಎರಡು ಸಾಲಿನ ವಿವರ ಕೊಟ್ಟಿದ್ದಾರೆ. ಮಿಕ್ಕ 130ರ ಎದುರು ‘ಬಿಡಿ’ ಎಂದಷ್ಟೇ ಇದೆ. ಕೆಲವಕ್ಕೆ ಮಾತ್ರ ಯಾಕೆ ಬಿಡಬೇಕೆಂಬ ಅರ್ಧ ಸಾಲು.

ಆ 48 ಕಂತು ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಆಮೇಲಿನ ಒಂದೂವರೆ ವರ್ಷವನ್ನು ಕೈಪಿಡಿ ಬಿಡಿ ಎಂದದ್ದನ್ನೇ ಹುಡುಕಿ ನೋಡುತ್ತ ಕಳೆದಿದ್ದೇನೆ. ಆದ್ದರಿಂದ ಈ ಕಾಗದಗಳ ಗುಣವನ್ನೂ ದೋಷವನ್ನೂ ಬಲ್ಲವನೆಂದು ಧೈರ್ಯವಾಗಿ ಹೇಳಬಹುದು. ಐದಕ್ಕೆ ಮೂರೂವರೆ ಕೊಡುತ್ತೇನೆ.

ಮೊದಲು ಉಪಕಾರ ಸ್ಮರಣೆ. ಈ ಧಾರಾವಾಹಿಯ ಮೊದಲ ಸೀಸನ್ ಕಚ್ಚಾ ಮಾಲು. ಅದನ್ನು ಕ್ರಮವಾಗಿ ನೋಡಲು ಹೊರಟಿದ್ದರೆ ಹತ್ತನೇ ರಾತ್ರಿಗೇ ಕೈಬಿಟ್ಟಿರುತ್ತಿದ್ದೆ. ಕೈಪಿಡಿ 26ರಲ್ಲಿ ನಾಲ್ಕನ್ನು ಮಾತ್ರ ಉಳಿಸಿಕೊಂಡು ನೇರವಾಗಿ ಎರಡನೆಯದಕ್ಕೆ ಕಳುಹಿಸುತ್ತದೆ. 1988ರ ಬರಹಗಾರರ ಮುಷ್ಕರದಿಂದಾಗಿ ಎರಡನೇ ಸೀಸನ್ 22 ಕಂತಿಗೆ ಇಳಿದಿತ್ತು. ಅದರ ಕೊನೆಯ ಕಂತಂತೂ ಹಳೆಯ ದೃಶ್ಯಗಳನ್ನು ಒಗ್ಗರಣೆ ಹಾಕಿ ಬಡಿಸಿದ್ದು. ಬಿಡಿ ಎಂದದ್ದು ಸರಿಯಾಯಿತು. ಅದೇ ಸೀಸನ್ನಿನ ‘ದಿ ಮೆಷರ್ ಆಫ್ ಎ ಮ್ಯಾನ್’ ಕಂತನ್ನು ತಪ್ಪಿಸಬೇಡಿ ಎಂದು ಅಡಿಗೆರೆ ಎಳೆದು ಹೇಳಿದ್ದಾರೆ. ಯಂತ್ರಮಾನವ ಡೇಟಾ ಒಂದು ಜೀವವೇ, ಇಲಾಖೆಯ ಸ್ವತ್ತೇ ಎಂಬ ವಿಚಾರಣೆ ಅದು. ಸ್ವತ್ತು ಎಂದು ಸಾಧಿಸುವ ಕೆಲಸ ಬೀಳುವುದು ಅವನ ಸ್ನೇಹಿತನ ಹೆಗಲಿಗೇ. ಆತ ಎಲ್ಲರೆದುರು ಡೇಟಾನ ಸ್ವಿಚ್ ಆರಿಸಿಬಿಡುತ್ತಾನೆ. ಮಗ ಆ ರಾತ್ರಿ ಮೊಬೈಲ್ ಕೆಳಗಿಟ್ಟ.

‘ಡಾರ್ಮಾಕ್’ ಸಿಕ್ಕಿದ್ದೂ ಈ ಪಟ್ಟಿಯಿಂದಲೇ. ತಮ್ಮ ಪುರಾಣದ ಪ್ರಸಂಗಗಳನ್ನು ನೆನಪಿಸುವ ಮೂಲಕ ಮಾತ್ರ ಮಾತಾಡಬಲ್ಲ ಜನ. ಪದ ಗೊತ್ತಾಗುತ್ತದೆ, ಕತೆ ಗೊತ್ತಿಲ್ಲದ್ದರಿಂದ ಅರ್ಥವಾಗುವುದಿಲ್ಲ. ನಮಗಿದು ಕಷ್ಟವೇ? ಚಿತ್ರದುರ್ಗ ಪಕ್ಕದಲ್ಲೇ ಇದೆ. ಅಂಗಡಿಯ ಹುಡುಗ ಊಟಕ್ಕೆ ಹೋದ ಹೊತ್ತಿಗೇ ಗಿರಾಕಿಗಳು ಮುತ್ತಿಕೊಂಡರೆ ನಾನೂ ಮಗನೂ ಈಗ ಹೇಳುವುದು ಒಂದೇ ಮಾತು: “ಮುದ್ದಹನುಮ ಊಟಕ್ಕೆ ಕುಳಿತ!” ಓಬವ್ವನ ಕತೆ ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ.

ಇನ್ನು ತಕರಾರು. ಈ ಕೈಪಿಡಿಗೆ ಬಾಯಿ ನಿಲ್ಲುವುದಿಲ್ಲ. ‘ದಿ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್’ನ ಮೊದಲ ಭಾಗ 1990ರ ಜೂನ್‌ನಲ್ಲಿ ಬಂದು, ಕ್ಯಾಪ್ಟನ್ ಪಿಕಾರ್ಡ್ ಶತ್ರುಗಳ ಕೈಸೇರಿ ಅವರಲ್ಲೊಬ್ಬನಾದಲ್ಲಿಗೆ ನಿಂತಿತು. ಉತ್ತರ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಅಮೆರಿಕದವರು ಮೂರು ತಿಂಗಳು ಉಗುರು ಕಚ್ಚಿಕೊಂಡು ಕಾದದ್ದನ್ನು ಕೈಪಿಡಿ ಎರಡೇ ಸಾಲಿನಲ್ಲಿ, ಪ್ರಶ್ನೆ ಉತ್ತರ ಎರಡನ್ನೂ ಸೇರಿಸಿ, ಒಪ್ಪಿಸಿಬಿಟ್ಟಿದೆ. ಅಂದಿನಿಂದ ಮಾತ್ರೆಯ ಖಾಲಿ ಪೆಟ್ಟಿಗೆಯೊಂದನ್ನು ಸೀಳಿ, ಉದ್ದನೆಯ ರಟ್ಟು ಮಾಡಿಕೊಂಡು, ವಿವರದ ಕಾಲಂ ಮುಚ್ಚಿ ಬರೀ ಹೆಸರು ಓದುತ್ತಿದ್ದೆ. ಖಾರ ಮಂಡಕ್ಕಿಯ ಎಣ್ಣೆ ಅಂಟಿ ಆ ರಟ್ಟು ಈಗ ಅರ್ಧ ಪಾರದರ್ಶಕವಾಗಿದೆ, ಅದು ಬೇರೆ ಮಾತು.

ಎರಡನೆಯ ದೋಷ ಇನ್ನೂ ದೊಡ್ಡದು. ‘ಯೆಸ್ಟರ್‌ಡೇಸ್ ಎಂಟರ್‌ಪ್ರೈಸ್’ ನೋಡಿ ಎನ್ನುತ್ತದೆ, ಒಳ್ಳೆಯ ಕಂತೇ. ಮೊದಲ ಸೀಸನ್ನಿನಲ್ಲಿ ಸತ್ತುಹೋಗಿದ್ದ ಭದ್ರತಾ ಅಧಿಕಾರಿ ತಾಷಾ ಯಾರ್ ಅದರಲ್ಲಿ ಮತ್ತೆ ಬರುತ್ತಾಳೆ. ಆದರೆ ಅವಳು ಸಾಯುವ ಕಂತಿಗೆ ‘ಬಿಡಿ’ ಎಂದಿದ್ದಾರಲ್ಲ! ನನ್ನ ಹೆಂಡತಿ “ಇವಳು ಯಾರು?” ಎಂದಳು. “ಯಾರ್” ಎಂದೆ. “ಅದನ್ನೇ ಕೇಳುತ್ತಿರುವುದು, ಯಾರು?” ಹತ್ತು ನಿಮಿಷ ಇದರಲ್ಲೇ ಹೋಯಿತು. ಸಾವನ್ನು ಕಾಣದವರಿಗೆ ಸತ್ತವಳು ಮರಳಿ ಬಂದರೆ ಏನನ್ನಿಸಬೇಕು?

‘ದಿ ಇನ್ನರ್ ಲೈಟ್’ ವಿಷಯದಲ್ಲೂ ಹೀಗೇ ಆಯಿತು. 1992ರಲ್ಲಿ ಬಂದು ಮರುವರ್ಷ, ವಿಜ್ಞಾನ ಕತೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಪಡೆದ ಕಂತು. ಗುರುತಿಲ್ಲದ ಯಂತ್ರವೊಂದರಿಂದ ಪಿಕಾರ್ಡ್ ಮೂರ್ಛೆ ಬೀಳುತ್ತಾನೆ. ಹಡಗಿನಲ್ಲಿ ಕಳೆಯುವುದು 25 ನಿಮಿಷ. ಅಷ್ಟರಲ್ಲಿ ಅವನು ಬೇರೊಂದು ಲೋಕದ ಹಳ್ಳಿಯಲ್ಲಿ ಹೆಂಡತಿ, ಮಕ್ಕಳು, ಮೊಮ್ಮಗನನ್ನು ಕಂಡು ಮುದುಕನಾಗಿರುತ್ತಾನೆ. ಆ ಊರಿಗೆ ಬರ. ಮಳೆ ಹೋದಂತೆಲ್ಲ ಜನ ಊರ ನಡುವಿನ ಒಂದು ಸಸಿಗೆ ನೀರು ಉಳಿಸಿ ಹಾಕುತ್ತಾರೆ. ಮಣ್ಣನ್ನು ಪರೀಕ್ಷಿಸಿದ ಮಗಳಿಗೆ ಇದು ಬರೀ ಬರವಲ್ಲ ಎಂದು ಗೊತ್ತಾಗುತ್ತದೆ. ನನ್ನ ಹೆಂಡತಿ ಜಗಳೂರು ಕಡೆಯವಳು. ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡಿದವಳು. ಕಂತು ಮುಗಿದ ಮೇಲೂ ಎದ್ದು ದೀಪ ಹಾಕಲಿಲ್ಲ. ಆ ಬದುಕಿನಿಂದ ಪಿಕಾರ್ಡ್‌ಗೆ ಉಳಿಯುವುದು ಒಂದು ಕೊಳಲು. ಆರನೇ ಸೀಸನ್ನಿನ ‘ಲೆಸನ್ಸ್’ನಲ್ಲಿ ಅವನು ಆ ಕೊಳಲಿನ ಕತೆಯನ್ನು ಒಬ್ಬಳ ಮುಂದೆ ಬಿಚ್ಚಿಡುತ್ತಾನೆ. ಅದಕ್ಕೆ ಕೈಪಿಡಿಯ ತೀರ್ಪು: ಬಿಡಿ, ಪ್ರೇಮ ಪ್ರಸಂಗ.

ನನ್ನ ಅಸಲು ತಕರಾರಿಗೆ ಕಾರಣ 1994ರ ಕೊನೆಯ ಕಂತು. ಅದರ ಕಡೆಯ ದೃಶ್ಯದಲ್ಲಿ ಹಡಗಿನ ಅಧಿಕಾರಿಗಳು ಇಸ್ಪೀಟು ಆಡುತ್ತಿರುವಾಗ ಕ್ಯಾಪ್ಟನ್ ಬಾಗಿಲಲ್ಲಿ ನಿಂತು, ತಾನೂ ಕೂರಬಹುದೇ ಎನ್ನುತ್ತಾನೆ. ಏಳು ವರ್ಷದಲ್ಲಿ ಅದೇ ಮೊದಲು. 48 ಕಂತು ನೋಡಿ ಅಲ್ಲಿಗೆ ಬಂದ ನನಗೆ ಏನೂ ಅನ್ನಿಸಲಿಲ್ಲ. ಎಲೆ ಹಂಚಿದರು, ಮುಗಿಯಿತು. ಆ ಮೇಜು ನನಗೆ ಆಗೊಮ್ಮೆ ಈಗೊಮ್ಮೆ ಕಂಡಿತ್ತು. ಆದರೆ ಕ್ಯಾಪ್ಟನ್ ಅಲ್ಲಿ ಒಮ್ಮೆಯೂ ಇಲ್ಲ ಎಂದು ಮನಸ್ಸಿಗೆ ನಾಟುವಷ್ಟು ಸಲ ಕಂಡಿರಲಿಲ್ಲ. ಆಮೇಲೆ ‘ಬಿಡಿ’ ಎಂಬುವುಗಳಲ್ಲಿ ಅರವತ್ತು ನೋಡಿದೆ. ಅರ್ಧಕ್ಕರ್ಧ ಸಾಧಾರಣ, ಕೆಲವು ಪೂರ್ತಿ ದಂಡ. ಮೇಣದಬತ್ತಿಯಲ್ಲಿ ವಾಸಿಸುವ ಭೂತದ ಜೊತೆ ಹಡಗಿನ ಡಾಕ್ಟರ್ ಪ್ರೇಮದಲ್ಲಿ ಬೀಳುವುದೂ ಒಂದು. (ಮನೆಯಲ್ಲಿ ಅದನ್ನು ಎರಡು ಸಲ ನೋಡಿದ್ದಾರೆ, ನನ್ನನ್ನು ಬಿಟ್ಟು.) ಹೀಗೆ ಕೆಲಸಕ್ಕೆ ಬಾರದ ರಾತ್ರಿಗಳನ್ನೂ ಆ ಹಡಗಿನವರೊಂದಿಗೆ ಕಳೆದು ಮತ್ತೆ ಆ ಕೊನೆಯ ಕಂತು ಹಾಕಿದೆ. ಅವನು ಕುರ್ಚಿ ಎಳೆದುಕೊಂಡಾಗ ಗಂಟಲು ಕಟ್ಟಿತು. ದೃಶ್ಯ ಅದೇ. ಕೈಪಿಡಿಯಲ್ಲಿ ಅದಕ್ಕೆ ಮೂರು ನಕ್ಷತ್ರ ಹಾಕಿದ್ದಾರೆ, ಆದರೆ ಆ ನಕ್ಷತ್ರಗಳಿಗೆ ಬೇಕಾದ ಸಾಮಾನನ್ನೆಲ್ಲ ಹೊರಗೆ ಹಾಕಿದ್ದಾರೆ.

ಕೊಳ್ಳುವವರಿಗೆ, ಅಂದರೆ ಮುದ್ರಿಸಿಕೊಳ್ಳುವವರಿಗೆ ನನ್ನ ಸಲಹೆ: ಮೊದಲ ಎರಡು ಸೀಸನ್‌ಗೆ ಕೈಪಿಡಿಯ ಮಾತು ಕೇಳಿ, ಮೂರರಿಂದ ಐದಕ್ಕೆ ಕೇಳಬೇಡಿ. ಆರು, ಏಳು ನಿಮ್ಮ ಚಿತ್ತ.

‘ಫ್ಯಾಮಿಲಿ’ ಎಂಬ ಕಂತನ್ನು ಮಾತ್ರ ಬಿಡಲೇಬೇಡಿ. ಪಿಕಾರ್ಡ್ ಶತ್ರುಗಳಿಂದ ಬಿಡಿಸಿಕೊಂಡು ಬಂದ ಮರು ಕಂತೇ ಅದು. ಡೇಟಾ ಅದರಲ್ಲಿ ಕಾಣಿಸುವುದೇ ಇಲ್ಲ, ಹಡಗು ನಡೆಸುವ ಕೋಣೆಯ ಒಂದು ದೃಶ್ಯವೂ ಇಲ್ಲ. ಹಾಗಾಗಿ ಕೈಪಿಡಿಯ ಪ್ರಕಾರ ವಿಜ್ಞಾನ ಕತೆಯೇ ಅಲ್ಲ. ಕ್ಯಾಪ್ಟನ್ ಫ್ರಾನ್ಸಿನ ತನ್ನ ಊರಿಗೆ ಹೋಗುತ್ತಾನೆ. ಅಲ್ಲಿ ಅಣ್ಣ ಮನೆತನದ ದ್ರಾಕ್ಷಿ ತೋಟ ನೋಡಿಕೊಂಡಿದ್ದಾನೆ. ಮಾತಿಗೆ ಮಾತು ಬೆಳೆದು ಇಬ್ಬರೂ ತೋಟದ ಕೆಸರಿನಲ್ಲಿ ಬಿದ್ದು ಹೊಡೆದಾಡುತ್ತಾರೆ, ನಗುತ್ತಾರೆ. ನಗುತ್ತಲೇ ತಮ್ಮ ಅಳತೊಡಗುತ್ತಾನೆ.

ನನ್ನ ಅಣ್ಣ ಚನ್ನಗಿರಿ ಹತ್ತಿರ ನಮ್ಮ ಅಡಿಕೆ ತೋಟದಲ್ಲೇ ಇದ್ದಾನೆ. ಓದು, ಅಂಗಡಿ, ಪೇಟೆ ಎಲ್ಲ ನನ್ನ ಪಾಲಿಗೆ ಬಂದವು. ಹೋದ ಮಳೆಗಾಲ ಕಣ್ಣು ತೋರಿಸಲು ಬಂದವನು ಎರಡು ದಿನ ಉಳಿದ. ರಾತ್ರಿ ಪಕ್ಕದಲ್ಲಿ ಕುಳಿತು ಈ ಕಂತು ನೋಡಿದ. ನಾನು ನಡುನಡುವೆ ಕನ್ನಡದಲ್ಲಿ ಹೇಳುತ್ತಿದ್ದೆ. ಕೆಸರಿನ ದೃಶ್ಯ ಬಂದಾಗ ಮುಂದಕ್ಕೆ ಬಾಗಿ, “ಬುಡಕ್ಕೆ ಇಷ್ಟು ನೀರು ನಿಲ್ಲಿಸಿದರೆ ಬೇರು ಕೊಳೆಯುವುದಿಲ್ಲವೇನೋ?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಆ ತಮ್ಮ ಊರಿಗೆ ಬಂದದ್ದು ಎಷ್ಟು ವರ್ಷಕ್ಕೆ?” ಎಂದ.

ಇಪ್ಪತ್ತರ ಹತ್ತಿರ ಎಂದೆ.

“ಆ ಕೆಸರಿನದು ಇನ್ನೊಂದು ಸಲ ಹಾಕು” ಎಂದ.