ಶೆಲ್ ಸ್ಕ್ರಿಪ್ಟ್ ಬರೆಸಿ ದುಡ್ಡು ಕೊಡುವ ಮುಂಚೆ ಪಾಸ್‌ವರ್ಡಿನಲ್ಲಿ & ಹಾಕಿ ಓಡಿಸಿ ನೋಡಿ

ದಯವಿಟ್ಟು ಪೂರ್ತಿ ಓದಿ. ಸರ್ವರ್ ಸಿದ್ಧಮಾಡುವ ಶೆಲ್ ಸ್ಕ್ರಿಪ್ಟ್ (ಕಮಾಂಡುಗಳನ್ನು ಸಾಲಾಗಿ ಓಡಿಸುವ ಫೈಲ್) ಒಂದನ್ನು ಹೊರಗಿನವರೊಬ್ಬರಿಂದ ಬರೆಸಿದ್ದೆ. ಕೆಲಸ ಸಣ್ಣದು: ಕಾನ್ಫಿಗ್ ಫೈಲಿನಲ್ಲಿ @@ಪಾಸ್@@ ಅಂತ ಇರುವ ಕಡೆ ಡೇಟಾಬೇಸಿನ ಪಾಸ್‌ವರ್ಡ್ ಕೂರಿಸಬೇಕು. ಸೆಡ್‌ನಲ್ಲಿ ಒಂದೇ ಸಾಲು; ಸೆಡ್ (sed) ಅಂದರೆ ಪಠ್ಯ ಹುಡುಕಿ ಬದಲಿಸುವ ಕಮಾಂಡ್. ಓಡಿಸಿ ತೋರಿಸಿದರು, ಸರಿಯಾಗಿತ್ತು, ದುಡ್ಡು ಕೊಟ್ಟೆ.

ಪಾಸ್‌ವರ್ಡ್ ಬದಲಿಸಿದ ದಿನ ಲಾಗಿನ್ ನಿಂತಿತು. ಎರರ್ ಇಲ್ಲ, ಎಕ್ಸಿಟ್ ಕೋಡ್ ಸೊನ್ನೆ, ಅಂದರೆ ಸ್ಕ್ರಿಪ್ಟಿನ ಲೆಕ್ಕದಲ್ಲಿ ಎಲ್ಲ ಸರಿ. ಕೇಳಿದರೆ, "ಸರ್, ನೀವೇ ಪಾಸ್‌ವರ್ಡ್ ತಪ್ಪು ಕೊಟ್ಟಿದ್ದೀರಿ." ನಂಬಿದೆ! ತಂಡದವರ ಎದುರು ನನ್ನದೇ ತಪ್ಪು ಅಂತ ಒಪ್ಪಿಕೊಂಡೆ. ಮತ್ತೆ ಓಡಿಸಿದೆ, ಮತ್ತೆ ಅದೇ.

ರಾತ್ರಿ ಫೈಲ್ ತೆರೆದು ನೋಡಿದಾಗ ಮೈಯೆಲ್ಲ ಉರಿಯಿತು. ಪಾಸ್‌ವರ್ಡ್ 'ನದಿ&92' ಅಂತಿಟ್ಟುಕೊಳ್ಳಿ. ಮೊದಲ ಸಲ ಫೈಲಿನಲ್ಲಿ ಬಿದ್ದದ್ದು 'ನದಿ@@ಪಾಸ್@@92'. ಎರಡನೇ ಸಲ ಓಡಿಸಿದಾಗ ಒಳಗಿದ್ದ ಗುರುತೇ ಮತ್ತೆ ಬದಲಾಗಿ 'ನದಿನದಿ@@ಪಾಸ್@@9292'! ಬದಲಿ ಪಠ್ಯದಲ್ಲಿ & ಬಂದರೆ ಸೆಡ್ ಅಲ್ಲಿ ಹುಡುಕಿ ಸಿಕ್ಕ ಪಠ್ಯವನ್ನೇ ಹಾಕುತ್ತದೆ. ಇದು ದುಡ್ಡು ತಗೊಂಡು ಬರೆಯುವವರಿಗೆ ಗೊತ್ತಿರಬೇಡವೇ?

ಫೈಲ್ ಕಳಿಸಿದೆ. "ಪಾಸ್‌ವರ್ಡಿನಲ್ಲಿ ವಿಶೇಷ ಚಿಹ್ನೆ ಬಳಸಬೇಡಿ ಸರ್." ವಿಶೇಷ ಚಿಹ್ನೆ ಇರಲೇಬೇಕು ಅನ್ನುವುದೇ ನಮ್ಮ ನಿಯಮ! ಜಗಳವಾಡಿದ ಮೇಲೆ "ಸರಿಮಾಡಿದ್ದೇನೆ" ಅಂದರು, ಅದಕ್ಕೂ ದುಡ್ಡು ತಗೊಂಡರು. ಮಾಡಿದ್ದೇನು? ಸೆಡ್ ಸಾಲಿನಲ್ಲಿ ಹುಡುಕುವ ಪಠ್ಯಕ್ಕೂ ಬದಲಿ ಪಠ್ಯಕ್ಕೂ ನಡುವಿನ / ತೆಗೆದು | ಹಾಕಿದ್ದು. & ಹಾಗೇ ಇತ್ತು. ಮತ್ತೆ ಹೇಳಿದ್ದಕ್ಕೆ ಸೆಡ್ ಬಿಟ್ಟು, ಸ್ಕ್ರಿಪ್ಟ್ ಓಡಿಸುವ ಶೆಲ್ ಆದ ಬ್ಯಾಷ್‌ನದೇ ಬದಲಿ ವಿಧಾನಕ್ಕೆ ಹೋದರು. ಹಳೆಯ ಸರ್ವರಿನಲ್ಲಿ ನಡೆಯಿತು. ಹೊಸದರಲ್ಲಿ ಬ್ಯಾಷ್ 5.2. ಆ ಆವೃತ್ತಿಯಿಂದ ಅಲ್ಲೂ & ಗೆ ಅದೇ ಅರ್ಥ, ಬದಲಿ ಪಠ್ಯ ಇರುವ ವೇರಿಯಬಲ್ಲನ್ನು ಡಬಲ್ ಕೋಟ್‌ನೊಳಗೆ ಇಡದಿದ್ದರೆ ಅದೇ ಕಥೆ. ಇಟ್ಟಿರಲಿಲ್ಲ. "ನನ್ನ ಮಷೀನಿನಲ್ಲಿ ಸರಿಯಾಗಿದೆ ಸರ್." ಇದೇ ಅವರ ಕೊನೆಯ ಉತ್ತರ, ಆಮೇಲೆ ಮಾತೇ ಇಲ್ಲ.

ಕೊನೆಗೆ ನಾನೇ ಸರಿಮಾಡಿಕೊಂಡೆ. ಸೆಡ್ ಬಳಸುವುದಾದರೆ ಬದಲಿ ಪಠ್ಯದಲ್ಲಿರುವ \, & ಮತ್ತು ನಡುವೆ ಬಳಸಿದ ಚಿಹ್ನೆ, ಈ ಮೂರರಲ್ಲಿ ಪ್ರತಿಯೊಂದಕ್ಕೂ ಮುಂಚೆ \ ಸೇರಿಸಲೇಬೇಕು. ಪಾಸ್‌ವರ್ಡ್ ಓದಿಕೊಳ್ಳುವ ಕಮಾಂಡ್ ಆದ ರೀಡ್‌ಗೆ 'ಆರ್' (-r) ಆಯ್ಕೆ ಕೊಡದಿದ್ದರೆ \ ಅಲ್ಲೇ ಮಾಯ. ಮೂಲ ಫೈಲಿನ ಮೇಲೆಯೇ ಬರೆಸಬೇಡಿ. ನನ್ನದು ಹಾಗೆ ಹಾಳಾಯಿತು, ನಕಲೂ ಇರಲಿಲ್ಲ.

ಬರೆದುಕೊಟ್ಟವರು ಎಷ್ಟೇ ಧೈರ್ಯ ಹೇಳಲಿ, ನಿಮ್ಮ ಸರ್ವರಿನಲ್ಲೇ, ನಿಮ್ಮ ಕಣ್ಣೆದುರೇ 'ಅ&ಬ/ಕ\ಡ|ಗ' ಅನ್ನುವ ಪಾಸ್‌ವರ್ಡ್ ಕೊಟ್ಟು ಓಡಿಸಲು ಹೇಳಿ. ಫೈಲಿನಲ್ಲಿ ಅಕ್ಷರಕ್ಕೆ ಅಕ್ಷರ ಅದೇ ಬಿದ್ದರೆ ಮಾತ್ರ ದುಡ್ಡು ಕೊಡಿ.