ಮುಂದಿನ ಹಲ್ಲಿಗೆ ಫೈಬರ್ ಬ್ರಿಡ್ಜ್ ಕಟ್ಟಿಸುವ ಮೊದಲು ಓದಿ

ಹೇಳಿಕೊಳ್ಳಲು ನಾಚಿಕೆ, ಆದರೆ ಇನ್ನೊಬ್ಬರು ಈ ಹಳ್ಳಕ್ಕೆ ಬೀಳಬಾರದು ಅಂತ ಬರೆಯುತ್ತಿದ್ದೇನೆ.

ಸ್ಕೂಟರ್‌ನಿಂದ ಬಿದ್ದು ಮೇಲಿನ ಮುಂದಿನ ಹಲ್ಲೊಂದು ಹೋಯಿತು. ನಾನು ಟೀಚರ್. ಹಾಜರಿ ಕರೆಯುವಾಗ 'ಸಂತೋಷ' ಅಂದರೆ ಬರೀ ಗಾಳಿ, ಮಕ್ಕಳೆಲ್ಲ ಕಿಸಕ್! ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಹಲ್ಲು ಕಟ್ಟುವ ಇಂಪ್ಲಾಂಟ್‌ಗೆ ದುಡ್ಡಿರಲಿಲ್ಲ. ನಮ್ಮ ಬಡಾವಣೆಯ ಕ್ಲಿನಿಕ್‌ನವರು, 'ಗಾಜಿನ ನಾರಿನ ಪಟ್ಟಿಯನ್ನು ಪಕ್ಕದ ಎರಡು ಹಲ್ಲಿನ ಹಿಂದೆ ಅಂಟಿಸಿ, ಮಧ್ಯೆ ಕಾಂಪೋಸಿಟ್‌ನಲ್ಲಿ, ಅಂದ್ರೆ ಹಲ್ಲಿನ ಬಣ್ಣದ ಫಿಲ್ಲಿಂಗ್‌ನಲ್ಲಿ, ಹಲ್ಲು ಕಟ್ಟುತ್ತೇವೆ ಮೇಡಂ, ಪಕ್ಕದ ಹಲ್ಲು ಕೊರೆದು ಸಣ್ಣ ಮಾಡೋದೇ ಬೇಡ, ಹತ್ತು ವರ್ಷ ಚಿಂತೆಯಿಲ್ಲ' ಅಂದರು. ₹14,000. ಅದರಲ್ಲಿ ಲ್ಯಾಬ್ ಚಾರ್ಜ್ ₹3,500. ನೋಡಿದೆ, ಸುಮ್ನೆ ಕೊಟ್ಟು ಬಂದೆ.

40 ನಿಮಿಷದಲ್ಲಿ ಎಲ್ಲ ಬಾಯಲ್ಲೇ ಮುಗಿಯಿತು. ಎಂಜಲು ತಾಗದಂತೆ ಹಲ್ಲಿನ ಸುತ್ತ ಕಟ್ಟುವ ರಬ್ಬರ್ ಹಾಳೆ ಕಟ್ಟಲಿಲ್ಲ. ಹತ್ತಿ ಇಟ್ಟರು, ಅದೂ ಒದ್ದೆಯಾಗಿ ಜಾರಿತು.

ಮೂರನೇ ವಾರಕ್ಕೆ ನಾಲಿಗೆಗೆ ನೂಲಿನ ಎಳೆ ಥರ ಏನೋ ಚುಚ್ಚತೊಡಗಿತು. ಫೋನ್ ಮಾಡಿದರೆ 'ಅಭ್ಯಾಸ ಆಗುತ್ತೆ.' ಆರನೇ ವಾರ ಚಪಾತಿ ತಿನ್ನುವಾಗ, ಚಕ್ಕುಲಿ ಅಲ್ಲ, ಕೋಡುಬಳೆ ಅಲ್ಲ, ಚಪಾತಿ, ಹಲ್ಲು ಕೈಗೆ ಬಂತು.

ಓಡಿದೆ. ರಿಸೆಪ್ಷನ್ ಹುಡುಗಿ: 'ಏನೋ ಗಟ್ಟಿ ತಿಂದಿರ್ತೀರಿ.'
'ಚಪಾತಿ ಕಣಮ್ಮ.'
'ವಾರಂಟಿ ಲ್ಯಾಬ್‌ನಲ್ಲಿ ಮಾಡಿದ್ದಕ್ಕೆ ಮಾತ್ರ ಮೇಡಂ, ನಿಮ್ಮದು ಬಾಯಲ್ಲೇ ಕಟ್ಟಿದ್ದು.'
ಆಗ ತಲೆಗೆ ಹೊಳೆಯಿತು. 'ಮತ್ತೆ ಲ್ಯಾಬ್ ಚಾರ್ಜ್ ಯಾವುದಕ್ಕೆ?'
ಬಿಲ್ ತಿರುಗಿಸಿ ತಿರುಗಿಸಿ ನೋಡಿದಳು. 'ಅದು ಪ್ಯಾಕೇಜ್ ಮೇಡಂ.'
ಪ್ಯಾಕೇಜಂತೆ! ಇಲ್ಲದ ಲ್ಯಾಬ್‌ಗೆ ಮೂರೂವರೆ ಸಾವಿರ ಎಣಿಸಿ ಕೊಟ್ಟ ಪೆದ್ದಿ ನಾನು.

ಬೇರೆ ಡಾಕ್ಟರಿಗೆ ತೋರಿಸಿದೆ. ನಾರು ಪೂರ್ತಿ ಕಾಂಪೋಸಿಟ್ ಒಳಗೆ ಮುಚ್ಚಿರಬೇಕಂತೆ. ಹೊರಗೆ ಇಣುಕಿದರೆ ನೀರು ಹೀರಿ ಸಡಿಲವಾಗುತ್ತದೆ, ಕೊಳೆಯೂ ಕೂರುತ್ತದೆ. ಅಂಟಿಸುವಾಗ ಎಂಜಲು ತಾಗಿದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಇದಕ್ಕೆ: ನನ್ನ ಕೆಳಗಿನ ಹಲ್ಲು ಮೇಲಿನದರ ಹಿಂದೆ ಆಳವಾಗಿ ಕಚ್ಚುತ್ತದೆ, ಪಟ್ಟಿಗೆ ಜಾಗವೇ ಇಲ್ಲ. ಮೊದಲ ದಿನ ಬಣ್ಣದ ಕಾಗದ ಕಚ್ಚಿಸಿ ನೋಡಿದ್ದರೆ ಗೊತ್ತಾಗುತ್ತಿತ್ತಲ್ವಾ? ಸರಿಯಾದ ಬಾಯಿಗೆ ಸರಿಯಾಗಿ ಕಟ್ಟಿದರೆ ವರ್ಷಗಟ್ಟಲೆ ಬರುತ್ತದೆ ಅಂತಲೂ ಅವರೇ ಹೇಳಿದರು. ನನ್ನ ಬಾಯಿಗಲ್ಲ.

ಮೇಲಿನ ಕೆಳಗಿನ ಹಲ್ಲು ಹೇಗೆ ಕಚ್ಚುತ್ತವೆ ಅಂತ ನೋಡದೆ, ರಬ್ಬರ್ ಹಾಳೆ ಕಟ್ಟದೆ ಅಂಟಿಸಲು ಬಂದರೆ ಎದ್ದು ಬನ್ನಿ. ವಾರಂಟಿ ಬರೆಸಿಕೊಳ್ಳಿ. ಬಿಲ್‌ನಲ್ಲಿ ಲ್ಯಾಬ್ ಅಂತ ಕಂಡರೆ ಯಾವ ಲ್ಯಾಬ್ ಅಂತ ಅಲ್ಲೇ ಕೇಳಿ.

ಹಲ್ಲು ಕುಂಕುಮದ ಡಬ್ಬಿಯಲ್ಲಿದೆ. ದುಡ್ಡು ವಾಪಸ್ ಕೇಳಿದ್ದಕ್ಕೆ 'ಸರ್ ಬಂದ ಮೇಲೆ ಹೇಳ್ತೀವಿ' ಅಂದಿದ್ದಾರೆ. ಹನ್ನೊಂದು ದಿನವಾಯಿತು, ಸರ್ ಇನ್ನೂ ಬಂದಿಲ್ಲ.