47ನೇ ವಯಸ್ಸಲ್ಲಿ ಡೇಟಾ ಅನಲಿಸ್ಟ್ ಕೋರ್ಸ್ ಮಾಡ್ದೆ, ಆರು ತಿಂಗಳ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರು ಸ್ಟಾರ್. ಸಂಸ್ಥೆ ಹೆಸರು ಹಾಕಲ್ಲ. ನಾನು ನೋಡಿದ ನಾಲ್ಕೈದು ಆನ್‌ಲೈನ್ ಕೋರ್ಸ್‌ಗಳ ಡೆಮೋ ಎಲ್ಲಾ ಒಂದೇ ಅಚ್ಚಲ್ಲಿ ಹೊಯ್ದಂಗಿದ್ವು, ಹಾಗಾಗಿ ಇಲ್ಲಿ ಬರ್ದಿರೋದು ನಿಮ್ಗೆ ಯಾವುದಕ್ಕೆ ಸೇರಿದ್ರೂ ಉಪಯೋಗಕ್ಕೆ ಬರುತ್ತೆ ಅನ್ಸುತ್ತೆ.

ನಾನು 22 ವರ್ಷ ಗೋಡೌನಲ್ಲಿ ಸ್ಟಾಕ್ ನೋಡ್ಕೊಳ್ತಿದ್ದೋನು. ಬಂದ ಮಾಲು ಎಷ್ಟು, ಹೋದ ಮಾಲು ಎಷ್ಟು, ಸಂಜೆ ಲೆಕ್ಕ ತಾಳೆ ಆಯ್ತಾ, ಅಷ್ಟೇ ಬದುಕು. ಗೋಡೌನ್ ಮುಚ್ಚಿದ್ರು. ಆಮೇಲೆ ಎರಡು ತಿಂಗಳು ಮನೇಲಿ ಕೂತು ಅದೇ ಥರದ ಕೆಲ್ಸ ಹುಡುಕ್ದೆ, ಎಲ್ಲಾ ಕಡೆ ವಯಸ್ಸು ಕೇಳೋರು, ಕೇಳಿ ಸುಮ್ನಾಗೋರು. ಮಗಳೇ ಒಂದಿನ "ಅಪ್ಪಾ, ನೀನು ದಿನಾ ಮಾಡ್ತಿದ್ದಿದ್ದು ಡೇಟಾ ಕೆಲ್ಸಾನೇ ಅಲ್ವಾ" ಅಂತ ಈ ಕೋರ್ಸ್ ಲಿಂಕ್ ಕಳಿಸಿದ್ಲು.

ಸೇರೋವರ್ಗೂ ರಾಜೋಪಚಾರ. ಕೌನ್ಸೆಲರ್ ಹುಡುಗ ದಿನಕ್ಕೆ ಮೂರು ಸಲ ಫೋನು, "ಸರ್ ಎರಡೇ ಸೀಟ್ ಉಳ್ದಿದೆ", ವಿಡಿಯೋ ಪಾಠಕ್ಕೆ ಸೀಟ್ ಎಲ್ಲಿಂದ ಬಂತಪ್ಪಾ ಅಂತ ಕೇಳ್ಬೇಕು ಅನ್ಸಿದ್ರೂ ಕೇಳ್ಲಿಲ್ಲ, ಫೀಸ್ ಕಟ್ಟಿದ ಮಾರನೇ ದಿನದಿಂದ ಆ ನಂಬರ್ ಎತ್ತೋರೇ ಇಲ್ಲ. ಪ್ಲೇಸ್‌ಮೆಂಟ್ ಕೊಡಿಸ್ತೀವಿ ಅಂತ ಬಾಯಲ್ಲಿ ಹೇಳಿದ್ದು, ಕಾಗದದಲ್ಲಿ ಇದ್ದಿದ್ದು "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್". ಈ ಎರಡರ ನಡುವಿನ ವ್ಯತ್ಯಾಸ ಆರನೇ ತಿಂಗಳಲ್ಲಿ ಗೊತ್ತಾಗುತ್ತೆ.

ಪಾಠ ಮಾತ್ರ ಚೆನ್ನಾಗಿದೆ, ಅದನ್ನ ಒಪ್ಕೋಬೇಕು. ಎಕ್ಸೆಲ್ ಮತ್ತೆ ಎಸ್‌ಕ್ಯೂಎಲ್ (ಡೇಟಾಬೇಸಿಂದ ಬೇಕಾದ ಮಾಹಿತಿ ಕೇಳಿ ತೆಗೆಯೋ ಭಾಷೆ) ಹೇಳ್ಕೊಟ್ಟ ಮೇಡಂ ನಿಜಕ್ಕೂ ತಿಳ್ಕೊಂಡೋರು. ಎಸ್‌ಕ್ಯೂಎಲಲ್ಲಿ "ನಲ್" ಅಂತ ಒಂದಿದೆ, ಸೊನ್ನೆ ಅಲ್ಲ, "ಗೊತ್ತಿಲ್ಲ" ಅಂತ ಅರ್ಥ. ಬ್ಯಾಚಿನ ಹುಡುಗ್ರೆಲ್ಲ ಇದ್ರಲ್ಲಿ ತಲೆ ಕೆರ್ಕೊಂಡ್ರು, ನಲ್ ಇರೋ ಸಾಲು ಹುಡುಕೋಕೆ ಸಮ ಚಿಹ್ನೆ ಹಾಕಿದ್ರೆ ಒಂದೂ ಸಾಲು ಬರಲ್ಲ, "ಈಸ್ ನಲ್" ಅಂತಾನೇ ಬರೀಬೇಕು, ಸರಾಸರಿ ತೆಗೆದ್ರೆ ನಲ್ ಸಾಲುಗಳನ್ನ ಲೆಕ್ಕಕ್ಕೇ ತಗೊಳಲ್ಲ. ನಂಗೆ ಒಂದೇ ಸಲಕ್ಕೆ ತಲೆಗೆ ಹೋಯ್ತು. ಗೋಡೌನ್ ರಿಜಿಸ್ಟರಲ್ಲಿ ಸೊನ್ನೆ ಬರೆದ್ರೆ ಎಣಿಸಿದ್ವಿ, ಮಾಲಿಲ್ಲ ಅಂತ. ಖಾಲಿ ಬಿಟ್ರೆ ಯಾರೂ ಎಣಿಸೇ ಇಲ್ಲ ಅಂತ. ಖಾಲಿ ಜಾಗಕ್ಕೆ ಸೊನ್ನೆ ಬರೆದೋನಿಗೆ ನಮ್ಮ ಹಳೇ ಸೂಪರ್‌ವೈಸರ್ ಬೈತಿದ್ದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ಇನ್ನೊಂದು. ಮೂರನೇ ತಿಂಗಳ ಪ್ರಾಜೆಕ್ಟ್‌ಗೆ ಎರಡು ಶೀಟ್ ಕೊಟ್ಟಿದ್ರು, ಐಟಂ ಕೋಡ್ ಹಿಡಿದು ರೇಟ್ ತರ್ಬೇಕು. ಎಲ್ರೂ ವಿ-ಲುಕಪ್ (ಕೋಡ್ ಹುಡುಕಿ ಅದ್ರ ಸಾಲಲ್ಲಿರೋ ರೇಟ್ ತರೋ ಎಕ್ಸೆಲ್ ಫಾರ್ಮುಲಾ) ಹಾಕಿ ಸಬ್ಮಿಟ್ ಮಾಡಿದ್ರು, ಮೆಂಟರ್ "ಗುಡ್ ಜಾಬ್" ಅಂದ್ರು. ನಂಗೆ ಒಂದು ಸಾಲು ಕಣ್ಣಿಗೆ ಚುಚ್ತಿತ್ತು: ಒಂದು ಸಣ್ಣ ವಾಷರ್‌ಗೆ ಮೋಟರ್ ರೇಟು! ನೋಡಿದ್ರೆ ಫಾರ್ಮುಲಾದ ಬ್ರಾಕೆಟ್ ಒಳಗೆ ಕೊಡೋ ನಾಲ್ಕು ವಿವರದಲ್ಲಿ ನಾಲ್ಕನೇದು ಬಿಟ್ಟಿದ್ರು. ಅದನ್ನ ಬಿಟ್ರೆ ಎಕ್ಸೆಲ್ ತಾನೇ "ಟ್ರೂ" ಅಂತ ತಗೊಳುತ್ತೆ, ಅಂದ್ರೆ ಕೋಡ್ ಸಿಗದಿದ್ರೆ ಇಲ್ಲ ಅಂತ ಹೇಳಲ್ಲ, ಅದಕ್ಕಿಂತ ಹಿಂದಿನ ಕೋಡ್‌ನ ರೇಟನ್ನ ಸದ್ದಿಲ್ದೆ ತಂದು ಕೂರಿಸುತ್ತೆ. "ಫಾಲ್ಸ್" ಅಂತ ಹಾಕಿದ್ರೇನೇ ಎರರ್ ತೋರ್ಸೋದು. ಹೊಸ ಎಕ್ಸ್-ಲುಕಪಲ್ಲಿ ಈ ತಾಪತ್ರಯ ಇಲ್ಲ, ಅದು ಹೇಳದೇ ಇದ್ರೂ ಸರಿಯಾದ ಕೋಡನ್ನೇ ಹುಡುಕುತ್ತೆ. ನಾನು ಇದನ್ನ ಗ್ರೂಪಲ್ಲಿ ಹಾಕಿದ್ಮೇಲೆ ಅಲ್ಲಿವರ್ಗೂ "ಅಂಕಲ್" ಅಂತಿದ್ದ ಹುಡುಗ್ರು "ಸರ್" ಅನ್ನೋಕೆ ಶುರು ಮಾಡಿದ್ರು. ಸತ್ಯವಾಗ್ಲೂ ಅವತ್ತು ಫೀಸ್ ವಸೂಲಾಯ್ತು ಅನ್ಸ್ತು.

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬಗ್ಗೆ ಜಾಸ್ತಿ ಹೇಳಲ್ಲ. ಮೂರು ವಾರದಲ್ಲಿ ಓಡಿಸಿದ್ರು, ತಲೆ ಮೇಲೆ ಹೋಯ್ತು. ಸಾಲಿನ ಶುರುವಲ್ಲಿ ಒಂದು ಸ್ಪೇಸ್ ಹೆಚ್ಚುಕಮ್ಮಿ ಆದ್ರೂ ನಡೆಯಲ್ಲ ಅನ್ನುತ್ತೆ, ಚಾಳೀಸು ಹಾಕ್ಕೊಂಡು ಆ ಸ್ಪೇಸ್ ಹುಡುಕೋದು ಯಾರಿಗೆ ಬೇಕು.

ಈಗ ಎರಡು ಸ್ಟಾರ್ ಯಾಕೆ ಕಿತ್ಕೊಂಡೆ ಅಂತ. "ಕರಿಯರ್ ರೀಸ್ಟಾರ್ಟ್" ಅಂತ ಪ್ರತಿ ಶನಿವಾರ ಒಂದು ಸೆಷನ್. ಅದ್ರಲ್ಲಿ ಕೆಎಫ್‌ಸಿ ಚಿಕನ್ ಶುರು ಮಾಡಿದ ಕರ್ನಲ್ ಸ್ಯಾಂಡರ್ಸ್ ಫೋಟೋ ಹಾಕಿ "ಇವ್ರು 62ರಲ್ಲಿ ಸೊನ್ನೆಯಿಂದ ಶುರು ಮಾಡಿದ್ರು, ನೀವೂ ಹಳೇದೆಲ್ಲ ಮರೀರಿ" ಅನ್ನೋರು. ಅಲ್ಲಾ ಸ್ವಾಮಿ, ಆ ಮನುಷ್ಯ 1930ರಿಂದಾನೇ ಕೆಂಟಕಿಯ ಕಾರ್ಬಿನ್ ಅನ್ನೋ ಊರಲ್ಲಿ ಅಡುಗೆ ಮಾಡಿ ಬಡಿಸ್ತಿದ್ದ, 1952ರಲ್ಲಿ ಕೊಟ್ಟಿದ್ದು ಮೊದಲನೇ ಫ್ರಾಂಚೈಸಿ. ನಡುವೆ 22 ವರ್ಷ ಇದೆ, ಲೆಕ್ಕ ಹಾಕಿ ನೋಡಿ, ನನ್ನ ಸರ್ವೀಸಿನಷ್ಟೇ! ಮುಂದಿನ ವಾರ ವೆರಾ ವಾಂಗ್, 40ರಲ್ಲಿ ಮದ್ವೆ ಉಡುಪಿನ ಡಿಸೈನರ್ ಆದ್ರಂತೆ. ಅದಕ್ಕೆ ಮುಂಚೆ ವೋಗ್ ಪತ್ರಿಕೇಲಿ ಹತ್ತು ವರ್ಷಕ್ಕೂ ಮೀರಿ ಫ್ಯಾಷನ್ನೇ ಮಾಡ್ಕೊಂಡಿದ್ರು, ಅದನ್ನ ಹೇಳ್ಲೇ ಇಲ್ಲ. ಸೊನ್ನೆ ಎಲ್ಲಿದೆ ಇದ್ರಲ್ಲಿ?

ಇದು ಬರೀ ಭಾಷಣ ಆಗಿದ್ರೆ ಬಿಟ್ಬಿಡ್ತಿದ್ದೆ. ರೆಸ್ಯೂಮೆನೂ ಹಾಗೇ ಮಾಡಿಸಿದ್ರು. ನನ್ನ 22 ವರ್ಷ ಕೊನೇಲಿ ಒಂದೇ ಸಾಲು, ಮೇಲೆ ಅವ್ರ ಕೋರ್ಸ್ ಹೆಸ್ರು ದಪ್ಪ ಅಕ್ಷರದಲ್ಲಿ, ಬ್ಯಾಚಲ್ಲಿ ಎಲ್ರುದ್ದೂ ಅದೇ ಮೂರು ಪ್ರಾಜೆಕ್ಟ್. 47 ವರ್ಷದ ಫ್ರೆಶರ್‌ನ ಯಾರು ಕರೀತಾರೆ ಹೇಳಿ. ಎರಡು ತಿಂಗಳು ಒಂದು ಕಾಲ್ ಇಲ್ಲ. ಆಮೇಲೆ ನಾನೇ ಕೂತು ತಿರುಗಾಮುರುಗಾ ಮಾಡ್ದೆ, ಸ್ಟಾಕ್ ಕೆಲ್ಸ ಮೇಲೆ, ಎಕ್ಸೆಲ್ ಎಸ್‌ಕ್ಯೂಎಲ್ ಅದ್ರ ಪಕ್ಕ, ಕೋರ್ಸ್ ಕೊನೇಗೆ. ಮೂರನೇ ವಾರ ಇಂಟರ್‌ವ್ಯೂ ಬಂತು. ಅಲ್ಲಿ ಕೇಳಿದ್ದು, ಸಿಸ್ಟಮ್ ಸ್ಟಾಕಿಗೂ ಕೈಲಿ ಎಣಿಸಿದ ಸ್ಟಾಕಿಗೂ ತಾಳೆ ಬರ್ದಿದ್ರೆ ಮೊದ್ಲು ಎಲ್ಲಿ ನೋಡ್ತೀರಾ ಅಂತ. ಯೂನಿಟ್ ನೋಡ್ತೀನಿ ಅಂದೆ, ಒಬ್ಬ ಬಾಕ್ಸ್ ಲೆಕ್ಕ ಬರ್ದಿರ್ತಾನೆ ಇನ್ನೊಬ್ಬ ಪೀಸ್ ಲೆಕ್ಕ, ಅದೂ ಅಲ್ದಿದ್ರೆ ಎಣಿಸಿದ ದಿನ ಬಂದಿಳಿದು ಇನ್ನೂ ಎಂಟ್ರಿ ಆಗದೆ ಬಿದ್ದಿರೋ ಮಾಲು. ಎದುರಿಗೆ ಕೂತಿದ್ದ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡೋಳಿರ್ಬೇಕು, ಪೆನ್ ಕೆಳಗಿಟ್ಟು ನಕ್ಕಳು. ಈಗ ಅವ್ರೇ ನನ್ನ ಮ್ಯಾನೇಜರ್. ಸಂಬಳ ಹಳೇದಕ್ಕಿಂತ ಕಮ್ಮಿ, ಕಾಂಟ್ರಾಕ್ಟ್ ಬೇರೆ, ಸುಳ್ಳು ಹೇಳಲ್ಲ.

ಸೇರೋರು ಮೂರು ವಿಷಯ ಬರವಣಿಗೇಲಿ ತಗೊಳಿ: ಅಸಿಸ್ಟೆನ್ಸ್ ಅಂದ್ರೆ ಏನೇನು ಮಾಡ್ತಾರೆ, ಬಿಟ್ರೆ ದುಡ್ಡು ಎಷ್ಟು ದಿನದೊಳಗೆ ವಾಪಸ್, ವಿಡಿಯೋ ಎಷ್ಟು ಕಾಲ ತೆರೆದಿರುತ್ತೆ. ಮೂರನೇದು ನಾನು ಕೇಳಿರ್ಲಿಲ್ಲ. ನನ್ನವು ಬರೋ ತಿಂಗಳು ಲಾಕ್ ಆಗ್ತವಂತೆ, ಅದಕ್ಕೇ ಈಗ ರಾತ್ರಿ ಹೊತ್ತು ಪೈಥಾನ್ ಪಾಠ ಮತ್ತೆ ಮೊದ್ಲಿಂದ ನೋಡ್ತಾ ಇದೀನಿ, ಸ್ಕ್ರೀನ್ ಝೂಮ್ 150ಕ್ಕೆ ಏರಿಸ್ಕೊಂಡು.